ಇಂಟರ್ನ್‌ಶಿಪ್ ಸಿಕ್ಕಿತು, ಕೆಲಸ ಯಾವಾಗ ಶುರು ಮಾಡಬಹುದು?

ಅಮೆರಿಕದಲ್ಲಿ ಓದುವ ಮಗ ಅಥವಾ ಮಗಳು ಇಂಟರ್ನ್‌ಶಿಪ್ ಸಿಕ್ಕಿತೆಂದು ಫೋನ್ ಮಾಡಿದರೆ ಮನೆಯವರಿಗೆ ಸಂತೋಷವಾಗುವುದು ಸಹಜ. ಆದರೆ ಕಂಪನಿ ಕೊಟ್ಟ ಪತ್ರವೊಂದೇ ಕೆಲಸಕ್ಕೆ ಅನುಮತಿಯಲ್ಲ. ಇದನ್ನು ಪೋಷಕರೂ ತಿಳಿದಿರಬೇಕು.

ಎಫ್-1 ವೀಸಾದ ವಿದ್ಯಾರ್ಥಿಗಳು ಓದಿನ ನಡುವೆ ಇಂಟರ್ನ್‌ಶಿಪ್ ಮಾಡಲು ಹೆಚ್ಚಾಗಿ ಪಡೆಯುವುದು ‘ಸಿಪಿಟಿ’ ಅನುಮತಿ. ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿರಬೇಕು. ಕೆಲಸವು ಪಠ್ಯಕ್ರಮದ ಭಾಗವಾಗಿರಬೇಕು. ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಚೇರಿಯು ಕಂಪನಿಯ ಹೆಸರನ್ನೂ ಆರಂಭ, ಮುಕ್ತಾಯದ ದಿನಾಂಕಗಳನ್ನೂ ‘ಐ-20’ ಪತ್ರದಲ್ಲಿ ನಮೂದಿಸುತ್ತದೆ. ಆ ದಿನಾಂಕಕ್ಕಿಂತ ಒಂದೇ ದಿನ ಮೊದಲು ದುಡಿದರೂ ಅದು ಅನಧಿಕೃತ ಕೆಲಸ. ಅದರಿಂದ ವಿದ್ಯಾರ್ಥಿಯಾಗಿ ಅಲ್ಲಿರುವ ಹಕ್ಕೇ ಹೋಗಬಹುದು. ಸಾಲ ಮಾಡಿ, ದಾನಿಗಳ ನೆರವು ಪಡೆದು ಓದಿದ್ದು ಅರ್ಧಕ್ಕೇ ನಿಲ್ಲಬಹುದು.

ಇನ್ನೊಂದು ಎಚ್ಚರಿಕೆ: ಪೂರ್ಣಾವಧಿಯ ಸಿಪಿಟಿ 12 ತಿಂಗಳು ಮುಟ್ಟಿದರೆ, ಅದೇ ಹಂತದ ಪದವಿಗೆ ಸಿಗಬೇಕಾದ 12 ತಿಂಗಳ ‘ಒಪಿಟಿ’ ಕೆಲಸದ ಅವಕಾಶ ಕೈತಪ್ಪುತ್ತದೆ.

ಕ್ಯಾಂಪಸ್ಸಿನ ಉದ್ಯೋಗ ಮೇಳದಲ್ಲಿ ಕಂಪನಿಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ನಿಮಗೆ ವೀಸಾ ಪ್ರಾಯೋಜಕತ್ವ ಬೇಕೇ?’ ಎಂಬುದು. ಇದಕ್ಕೆ ಹೆದರಬೇಕಿಲ್ಲ, ಮುಚ್ಚಿಡಲೂಬಾರದು. ಸಿಪಿಟಿಗೆ ಕಂಪನಿ ವೀಸಾ ಅರ್ಜಿ ಹಾಕಬೇಕಿಲ್ಲ. ಮುಂದೆ ‘ಎಚ್-1ಬಿ’ ಬೇಕಾದರೆ ಕಂಪನಿಯೇ ಅರ್ಜಿ ಸಲ್ಲಿಸಬೇಕು. ಈ ವ್ಯತ್ಯಾಸವನ್ನು ಎರಡು ಮಾತಿನಲ್ಲಿ ಹೇಳಲು ವಿದ್ಯಾರ್ಥಿ ಮೊದಲೇ ಕಲಿತಿರಲಿ.

ಪೋಷಕರೇ, ಸಂಬಳ ಎಷ್ಟೆಂದು ಕೇಳುವ ಮುನ್ನ ಒಂದು ಮಾತು ಕೇಳಿ: “ಐ-20ರಲ್ಲಿ ದಿನಾಂಕ ಬಂದಿದೆಯೇ?”