ಕೊಟ್ಟವರಿಗೇ ಮರಳಬೇಕಾದ ಮೆಮೊರಿ

ಕುರೆಕುಪ್ಪದಿಂದ ಪಶ್ಚಿಮಕ್ಕೆ ಹೊರಟರೆ ಹೊಸಪೇಟೆ, ಅಲ್ಲಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟ್‌ಗಳು. ನೀರಿಗೆ ಮೂರು ರಾಜ್ಯಗಳು ಹಕ್ಕುದಾರರು. ಗೇಟ್ ಎತ್ತಿ ಇಳಿಸುವ ಹೊಣೆ ಮಾತ್ರ 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿಯದು. ನೀರು ಪಡೆದವರೆಲ್ಲ ಗೇಟಿಗೆ ಕೈಹಾಕುವಂತಿಲ್ಲ. ಒಂದೇ ಡೇಟಾಬೇಸ್ ಲೈಬ್ರರಿಯನ್ನು ಹಲವು ಮಾಡ್ಯೂಲ್‌ಗಳು ಹಂಚಿಕೊಳ್ಳುವಾಗ ಮೆಮೊರಿಯ ವಿಷಯದಲ್ಲೂ ಇದೇ ಕಟ್ಟುನಿಟ್ಟು ಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪುರಸಭೆಯೊಂದರ ತೆರಿಗೆ ತಂತ್ರಾಂಶ ಎಂದಿಟ್ಟುಕೊಳ್ಳಿ. ವಸೂಲಿಗೊಂದು ಮಾಡ್ಯೂಲ್, ರಸೀದಿಗೊಂದು, ಎರಡಕ್ಕೂ ಎಸ್‌ಕ್ಯೂಲೈಟ್ ಲೈಬ್ರರಿ. ಕ್ವೆರಿ ತಪ್ಪಿದರೆ ಲೈಬ್ರರಿ ತಾನೇ ಮೆಮೊರಿ ಪಡೆದು, ತಪ್ಪೇನೆಂದು ಅಲ್ಲಿ ಬರೆದು, ಅದರ ವಿಳಾಸ ಕೊಡುತ್ತದೆ. ಓದಿದ ಮೇಲೆ ರಸೀದಿ ಮಾಡ್ಯೂಲ್ ಅದನ್ನು ಬಿಡುಗಡೆ ಮಾಡಲು ಸಿ ಭಾಷೆಯ ಮಾಮೂಲಿ 'ಫ್ರೀ'ಗೆ ಒಪ್ಪಿಸಿದರೆ ಅಲ್ಲೇ ಎಡವಟ್ಟು. ವಿಂಡೋಸ್‌ನಲ್ಲಿ ಪ್ರತಿ ಡಿಎಲ್‌ಎಲ್ ತನ್ನದೇ ಸಿ ರನ್‌ಟೈಮ್ ಹೊತ್ತಿರಬಹುದು. ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಕೆಟ್ಟ ಸಂಗತಿಯೆಂದರೆ, ಪ್ರೋಗ್ರಾಂ ಆ ಸಾಲಿನಲ್ಲೇ ಬೀಳಬೇಕೆಂದಿಲ್ಲ. ಎಷ್ಟೋ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಕಡೆ ಬೀಳುತ್ತದೆ, ಹುಡುಕುವವರು ಅಲ್ಲೇ ಹುಡುಕುತ್ತ ಕೂರುತ್ತಾರೆ.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಮೆಮೊರಿ ಹಂಚುವ ಹೀಪ್ ಒಂದೇ ತಾನೆ, ಅಲ್ಲೇನು ತೊಂದರೆ ಎನ್ನುವವರಿದ್ದಾರೆ. ಆದರೆ ಮೆಮೊರಿ ತುಂಡಿನ ಗಾತ್ರವನ್ನು ಸಿಸ್ಟಮ್‌ನಿಂದ ಕೇಳಿ ತಿಳಿಯುವ ಅನುಕೂಲವಿಲ್ಲದಂತೆ ಕಂಪೈಲ್ ಆದಾಗ, ಎಸ್‌ಕ್ಯೂಲೈಟ್ ಪ್ರತಿ ತುಂಡಿನ ಮುಂದೆ 8 ಬೈಟ್ ಮೀಸಲಿಟ್ಟು ಗಾತ್ರ ಬರೆದುಕೊಳ್ಳುತ್ತದೆ, ನಮಗೆ ಕೊಡುವುದು ಅದರಾಚೆಯ ವಿಳಾಸ. ಮಾಮೂಲಿ 'ಫ್ರೀ' ಆ ವಿಳಾಸವನ್ನು ಕಂಡದ್ದೇ ಇಲ್ಲ. ಹೀಪ್ ಒಂದೇ ಆದರೂ ತಪ್ಪು ತಪ್ಪೇ. ಅದಕ್ಕೆಂದೇ ಎಸ್‌ಕ್ಯೂಲೈಟ್ 'ಎಸ್‌ಕ್ಯೂಲೈಟ್3_ಫ್ರೀ' ಇಟ್ಟಿದೆ, ಪೋಸ್ಟ್‌ಗ್ರೆಸ್ 'ಪಿಕ್ಯೂಫ್ರೀಮೆಮ್' ಇಟ್ಟಿದೆ.

ಹಾಗಾದರೆ ಪ್ರತಿ ಮಾಡ್ಯೂಲಿಗೂ ಲೈಬ್ರರಿಯ ಸ್ವಂತ ಪ್ರತಿ ಕೊಟ್ಟುಬಿಡೋಣ ಎಂಬ ಸಲಹೆ ಮೇಲ್ನೋಟಕ್ಕೆ ಚೆನ್ನಾಗಿದೆ. ಆದರೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಒಂದು ಪ್ರೊಸೆಸ್ ಒಂದೇ ಫೈಲನ್ನು ಎರಡು ಸಲ ತೆರೆದು ಒಂದನ್ನು ಮುಚ್ಚಿದರೂ ಆ ಫೈಲಿನ ಮೇಲಿದ್ದ ಅದರ ಲಾಕ್‌ಗಳೆಲ್ಲ ಬಿಟ್ಟುಹೋಗುತ್ತವೆ. ಇದನ್ನು ತಪ್ಪಿಸಲು ಎಸ್‌ಕ್ಯೂಲೈಟ್ ತೆರೆದ ಫೈಲ್‌ಗಳ ಪಟ್ಟಿ ಇಟ್ಟುಕೊಳ್ಳುತ್ತದೆ. ಪ್ರತಿ ಎರಡಾದರೆ ಪಟ್ಟಿಯೂ ಎರಡು. ವಸೂಲಿ ಬರೆಯುತ್ತಿರುವಾಗಲೇ ರಸೀದಿ ತನ್ನ ಸಂಪರ್ಕ ಮುಚ್ಚಿದರೆ ಲಾಕ್ ಕಳಚುತ್ತದೆ, ದಾಖಲೆಯೇ ಕೆಡಬಹುದು. ಮೆಮೊರಿಯ ಎಡವಟ್ಟು ತಪ್ಪಿಸಲು ಹೋಗಿ ತೆರಿಗೆ ಕಟ್ಟಿದವರ ಲೆಕ್ಕ ಕಳೆದುಕೊಳ್ಳುವ ಈ ದಾರಿಯನ್ನು ನಾನು ಒಪ್ಪಲಾರೆ. ಲೈಬ್ರರಿ ಒಂದೇ ಇರಲಿ, ಅದನ್ನು ಮುಟ್ಟುವ ಮಾಡ್ಯೂಲೂ ಒಂದೇ ಇರಲಿ. ಉಳಿದವು ತಪ್ಪಿನ ಸಂದೇಶವನ್ನು ತಮ್ಮ ಜಾಗಕ್ಕೆ ನಕಲು ಮಾಡಿಕೊಳ್ಳಲಿ. ನಕಲಿನಿಂದ ವೇಗ ತಗ್ಗುತ್ತದೆ ಎನ್ನುವವರು ಆ ಸಂದೇಶದ ಉದ್ದ ನೋಡಲಿ: ಬಹುಪಾಲು ಒಂದೇ ಸಾಲು.