ವಿಳಾಸ ಓದಲು ಕಲಿಯೋಣ: ಹೊಸ ಬ್ರೌಸರಿನ ಮೊದಲ ಪಾಠ

ಮನೆಗೆ ಹೊಸ ಮಿಕ್ಸಿ ತಂದರೆ ಯಾವ ಬಟನ್ ಯಾವುದಕ್ಕೆಂದು ಅಂಗಡಿಯವನನ್ನು ಕೇಳಿಯೇ ತರುತ್ತೇವೆ. ಮೊಬೈಲಿನಲ್ಲಿರುವ ಬ್ರೌಸರ್ ಬಗ್ಗೆ ಮಾತ್ರ ನಾವು ಯಾರನ್ನೂ ಕೇಳಲಿಲ್ಲ. ಅದು ಫೋನಿನ ಜೊತೆಗೇ ಬಂತು, ನಾವು ಒತ್ತಲು ಶುರು ಮಾಡಿದೆವು. ಈಗ ಮಕ್ಕಳ ವಿದ್ಯಾರ್ಥಿವೇತನ, ಹಜ್ ಅರ್ಜಿ, ಬ್ಯಾಂಕ್ ಖಾತೆ, ಜಮೀನಿನ ಪಹಣಿ, ಗಲ್ಫ್‌ನಿಂದ ಬರುವವರ ವಿಮಾನ ಟಿಕೆಟ್ ಎಲ್ಲವೂ ಆ ಒಂದೇ ಕಿಂಡಿಯ ಮೂಲಕ ಹೋಗಿ ಬರುತ್ತಿವೆ. ಅದೇ ಕಿಂಡಿಯಿಂದ ಮೋಸಗಾರರೂ ಒಳಗೆ ಬರುತ್ತಿದ್ದಾರೆ.

ಈ ಕಾರಣಕ್ಕಾಗಿಯೇ ನಮ್ಮ ಕಂಪ್ಯೂಟರ್ ಕೂಟದ ಈ ತಿಂಗಳ ಸಭೆಯನ್ನು ಒಂದು ಹೊಸ ಬ್ರೌಸರ್ ಕಲಿಯಲೆಂದೇ ಮೀಸಲಿಟ್ಟೆವು. ಆರಿಸಿಕೊಂಡದ್ದು ಫೈರ್‌ಫಾಕ್ಸ್. ಸಭೆಗೆ ಬರಲಾಗದ ಮನೆಗಳಿಗೂ ತಲುಪಲಿ ಎಂದು ಅದರ ಮುಖ್ಯ ವಿಷಯಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಬ್ರೌಸರ್ ಎಂದರೇನು?

ಹೆಚ್ಚಿನವರು ಇದಕ್ಕೆ ‘ಗೂಗಲ್’ ಎಂದೇ ಉತ್ತರಿಸುತ್ತಾರೆ. ಗೂಗಲ್ ಎಂಬುದು ಹುಡುಕಿಕೊಡುವ ಸೇವೆ. ಬ್ರೌಸರ್ ಎಂದರೆ ಎಲ್ಲೋ ದೂರದ ಕಂಪ್ಯೂಟರಿನಲ್ಲಿರುವ ಪುಟವನ್ನು ತಂದು ನಮ್ಮ ಪರದೆಯ ಮೇಲೆ ತೋರಿಸುವ ತಂತ್ರಾಂಶ. ಕ್ರೋಮ್, ಎಡ್ಜ್, ಸಫಾರಿ, ಫೈರ್‌ಫಾಕ್ಸ್ ಇವೆಲ್ಲ ಬ್ರೌಸರ್‌ಗಳು.

ಮೊದಲ ಬ್ರೌಸರನ್ನು 1990ರಲ್ಲಿ ಬರೆದವರು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ. ಸರ್ನ್ 1993ರಲ್ಲಿ ಈ ತಂತ್ರಜ್ಞಾನವನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಬಳಿಕ ಎಷ್ಟೋ ಬ್ರೌಸರ್‌ಗಳು ಬಂದು ಹೋದವು. ಒಂದು ಕಾಲದಲ್ಲಿ ಎಲ್ಲ ಸೈಬರ್ ಸೆಂಟರ್‌ಗಳಲ್ಲೂ ಇದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ 2022ರ ಜೂನ್ 15ರಂದು ಮೈಕ್ರೋಸಾಫ್ಟ್ ವಿದಾಯ ಹೇಳಿತು. ಆದ್ದರಿಂದ ಒಂದು ಬ್ರೌಸರಿನ ಬಟನ್‌ಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಎಲ್ಲ ಬ್ರೌಸರ್‌ಗಳಿಗೂ ಅನ್ವಯಿಸುವ ನಾಲ್ಕು ವಿಷಯ ಕಲಿಯುವುದು ಲೇಸು.

ಫೈರ್‌ಫಾಕ್ಸ್ ಯಾಕೆ?

ಫೈರ್‌ಫಾಕ್ಸ್‌ನ ಮೊದಲ ಆವೃತ್ತಿ ಬಂದದ್ದು 2004ರ ನವೆಂಬರ್ 9ರಂದು. ಇದರ ಹಿಂದಿರುವುದು ಲಾಭದ ಉದ್ದೇಶವಿಲ್ಲದ ಮೊಜಿಲ್ಲಾ ಫೌಂಡೇಶನ್. ಕ್ರೋಮ್, ಎಡ್ಜ್, ಒಪೇರಾ, ಬ್ರೇವ್ ಹೆಸರಿನಲ್ಲಿ ಬೇರೆಬೇರೆಯಾದರೂ ಒಳಗಿನ ಅಡಿಪಾಯ ಒಂದೇ, ಗೂಗಲ್ ಮುನ್ನಡೆಸುವ ಕ್ರೋಮಿಯಂ. ಫೈರ್‌ಫಾಕ್ಸ್‌ನ ಅಡಿಪಾಯ ಬೇರೆ. ಹಾಗೆಂದು ಅದಕ್ಕೂ ಗೂಗಲ್‌ಗೂ ಸಂಬಂಧವೇ ಇಲ್ಲವೆಂದಲ್ಲ. ಹುಡುಕಾಟಕ್ಕೆ ಗೂಗಲನ್ನು ಮೊದಲ ಆಯ್ಕೆಯಾಗಿ ಇಟ್ಟದ್ದಕ್ಕೆ ಸಿಗುವ ಹಣವೇ ಮೊಜಿಲ್ಲಾದ ಆದಾಯದ ದೊಡ್ಡ ಪಾಲು.

ನಮಗೆ ಮುಖ್ಯವಾದದ್ದು ಬೇರೆ ಎರಡು ಕಾರಣ. ಮೊದಲನೆಯದಾಗಿ, ಇದರ ಮೆನುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಎರಡನೆಯದಾಗಿ, ಆಂಡ್ರಾಯ್ಡ್ ಫೋನಿನಲ್ಲೂ ಜಾಹೀರಾತು ತಡೆಯುವ ಪುಟ್ಟ ತಂತ್ರಾಂಶಗಳನ್ನು ಇದಕ್ಕೆ ಜೋಡಿಸಬಹುದು. ಹೊಸದನ್ನು ಹಾಕಿಕೊಳ್ಳಲು ಕ್ರೋಮ್ ತೆಗೆಯಬೇಕಾಗಿಲ್ಲ, ಎರಡೂ ಜೊತೆಯಲ್ಲಿ ಇರಬಹುದು. ಕಂಪ್ಯೂಟರಿನಲ್ಲಾದರೆ ಕ್ರೋಮ್‌ನಲ್ಲಿ ಉಳಿಸಿಟ್ಟ ಬುಕ್‌ಮಾರ್ಕ್‌ಗಳನ್ನು ಫೈರ್‌ಫಾಕ್ಸ್‌ಗೆ ತರಿಸಿಕೊಳ್ಳಲೂ ಅವಕಾಶವಿದೆ.

ಬಲದಿಂದ ಎಡಕ್ಕೆ ಓದಿ

ಸಭೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಈ ಪಾಠ. ಬ್ರೌಸರಿನ ವಿಳಾಸ ಪಟ್ಟಿಯಲ್ಲಿರುವ ಹೆಸರನ್ನು ನಾವು ಎಡದಿಂದ ಓದುತ್ತೇವೆ. ಮೋಸಗಾರರಿಗೂ ಅದು ಗೊತ್ತು. ಹಾಗಾಗಿ ನಂಬಿಕೆ ಹುಟ್ಟಿಸುವ ಹೆಸರನ್ನು ಅವರು ಎಡಕ್ಕೇ ಇಡುತ್ತಾರೆ. ಆದರೆ ತಾಣದ ನಿಜವಾದ ಒಡೆಯ ಯಾರೆಂದು ಹೇಳುವುದು ಬಲತುದಿ. ಕುರ್‌ಆನ್ ಓದಲು ಕಲಿತವರಿಗೆ ಬಲದಿಂದ ಎಡಕ್ಕೆ ಬರುವುದು ಹೊಸದೇನಲ್ಲ. ವಿಳಾಸದ ಹೆಸರುಗಳನ್ನೂ ಹಾಗೆಯೇ ಒಂದೊಂದಾಗಿ ಓದಬೇಕು.

ಕ್ರಮ ಹೀಗಿದೆ. ‘ಎಚ್‌ಟಿಟಿಪಿಎಸ್’ ಆದ ಮೇಲೆ ಜೋಡಿ ಓರೆಗೆರೆ ಇರುತ್ತದೆ. ಅದನ್ನು ದಾಟಿ ಮುಂದೆ ಹೋಗಿ. ಆಮೇಲೆ ಮೊದಲು ಸಿಗುವ ಒಂಟಿ ಓರೆಗೆರೆಯ ಬಳಿ ನಿಲ್ಲಿ. ಅದು ಇಲ್ಲದಿದ್ದರೆ ವಿಳಾಸದ ಕೊನೆಯಲ್ಲೇ ನಿಲ್ಲಿ. ಅಲ್ಲಿಂದ ಎಡಕ್ಕೆ ಬನ್ನಿ.

ಭಾರತೀಯ ಹಜ್ ಸಮಿತಿಯ ವಿಳಾಸ ‘ಹಜ್‌ಕಮಿಟಿ ಡಾಟ್ ಗವ್ ಡಾಟ್ ಇನ್’. ಬಲತುದಿಯಲ್ಲಿ ‘ಗವ್ ಡಾಟ್ ಇನ್’ ಇದೆ, ಇದು ಸರಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ಹೆಸರು. ನಮ್ಮ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣ, ಸೇವಾ ಸಿಂಧು ತಾಣಗಳ ವಿಳಾಸ ಮುಗಿಯುವುದು ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು. ಇದೇ ಹೆಸರುಗಳನ್ನು ಮೊದಲು ಬರೆದು, ಅದರ ಬಲಕ್ಕೆ ಇನ್ಯಾವುದೋ ಹೆಸರು ಮತ್ತು ‘ಡಾಟ್ ಕಾಮ್’ ಸೇರಿಸಿದ್ದರೆ ಅದು ಸರಕಾರದ್ದಲ್ಲ. ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಹಾಕಿದ್ದರೂ ಅದು ಬೇರೆಯೇ ವಿಳಾಸ. ‘ಡಿ.ಸಿ. ಆಫೀಸ್ ಹೋಟೆಲ್’ ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ಹೋಟೆಲು ಡಿ.ಸಿ. ಆಫೀಸ್ ಆಗುವುದಿಲ್ಲವಲ್ಲ!

ಬ್ಯಾಂಕ್‌ಗಳ ವಿಷಯದಲ್ಲೂ ಈಗ ಗುರುತಿಸುವುದು ಸುಲಭವಾಗಿದೆ. 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಯಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕ್‌ಗಳಿಗೆ ಸೂಚಿಸಿತ್ತು. ಬ್ಯಾಂಕ್‌ಗಳಲ್ಲದವರಿಗೆ ಈ ಹೆಸರು ಸಿಗದು.

ಕಂಪ್ಯೂಟರಿನ ಫೈರ್‌ಫಾಕ್ಸ್ ವಿಳಾಸದ ಮುಖ್ಯ ಭಾಗವನ್ನು ಗಾಢವಾಗಿಯೂ ಉಳಿದದ್ದನ್ನು ಮಸುಕಾಗಿಯೂ ತೋರಿಸುತ್ತದೆ. ಮೊಬೈಲಿನ ಸಣ್ಣ ಪರದೆಯಲ್ಲಿ ವಿಳಾಸ ಪೂರ್ತಿ ಕಾಣಿಸದಿದ್ದರೆ ಅದರ ಮೇಲೆ ಒಮ್ಮೆ ಒತ್ತಿ, ಕೊನೆಯವರೆಗೆ ಸರಿಸಿ ನೋಡಬೇಕು.

ಬೀಗದ ಚಿತ್ರ ಏನು ಹೇಳುತ್ತದೆ?

‘ಬೀಗ ಇದೆ, ಹಾಗಾದರೆ ಭಯವಿಲ್ಲ’ ಎಂಬ ಮಾತು ಸಭೆಯಲ್ಲೂ ಬಂತು. ನಮಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಎಂಬುದಷ್ಟೇ ಬೀಗದ ಅರ್ಥ. ಆ ಕಡೆ ಕೂತವನು ಪ್ರಾಮಾಣಿಕನೇ ಎಂದು ಬೀಗ ಹೇಳುವುದಿಲ್ಲ. ಕಳ್ಳನೂ ತನ್ನ ತಾಣಕ್ಕೆ ಬೀಗ ಹಾಕಿಸಿಕೊಳ್ಳಬಹುದು. ಜನ ತಪ್ಪು ತಿಳಿಯುತ್ತಾರೆಂದೇ 2023ರಲ್ಲಿ ಕ್ರೋಮ್ ತನ್ನ ವಿಳಾಸ ಪಟ್ಟಿಯಿಂದ ಬೀಗದ ಚಿತ್ರವನ್ನು ತೆಗೆಯಿತು.

ಪಾಸ್‌ವರ್ಡ್ ಉಳಿಸಬಹುದೇ?

ನಿಮ್ಮ ಕೈಯಲ್ಲೇ ಇರುವ, ಲಾಕ್ ಹಾಕಿದ ಫೋನಾದರೆ ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸುವುದರಿಂದ ಒಂದು ದೊಡ್ಡ ಉಪಕಾರವಿದೆ. ಯಾವ ತಾಣಕ್ಕೆ ಉಳಿಸಿದ್ದೀರೋ ಆ ತಾಣದಲ್ಲಿ ಮಾತ್ರ ಬ್ರೌಸರ್ ಅದನ್ನು ತುಂಬುತ್ತದೆ. ನಮ್ಮ ಕಣ್ಣು ಮೋಸ ಹೋಗಬಹುದು, ಬ್ರೌಸರ್ ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸುತ್ತದೆ. ಎಂದಿನಂತೆ ಪಾಸ್‌ವರ್ಡ್ ತಾನಾಗಿ ಬರಲಿಲ್ಲವೆಂದರೆ ಅಲ್ಲೇ ನಿಂತು ವಿಳಾಸ ನೋಡಿ. ಮನೆಯವರೆಲ್ಲ ಬಳಸುವ ಫೋನ್ ಅಥವಾ ಅಂಗಡಿಯ ಕಂಪ್ಯೂಟರಾದರೆ ಉಳಿಸಲೇಬೇಡಿ.

ಅಂಥ ಕಡೆ ಖಾಸಗಿ ಕಿಟಕಿ ಬಳಸಬಹುದು. ಫೈರ್‌ಫಾಕ್ಸ್‌ನಲ್ಲಿ ಅದರ ಗುರುತು ಮುಖವಾಡ. ಅದನ್ನು ಮುಚ್ಚಿದಾಗ ನೋಡಿದ ಪುಟಗಳ ಪಟ್ಟಿ ಆ ಯಂತ್ರದಲ್ಲಿ ಉಳಿಯುವುದಿಲ್ಲ. ಆದರೆ ಇಂಟರ್ನೆಟ್ ಕೊಡುವ ಕಂಪನಿಗಾಗಲಿ ನೋಡಿದ ತಾಣಕ್ಕಾಗಲಿ ನಾವು ಅದೃಶ್ಯರಾಗುವುದಿಲ್ಲ. ಇದನ್ನು ಹದಿಹರೆಯದ ಮಕ್ಕಳಿಗೂ ಬಿಡಿಸಿ ಹೇಳಬೇಕು.

‘ಅನುಮತಿಸಿ’ ಒತ್ತುವ ಮುನ್ನ

ಉಮ್ಮನ ಫೋನಿನಲ್ಲಿ ದಿನವಿಡೀ ‘ವೈರಸ್ ಬಂದಿದೆ’ ಎಂಬ ಸೂಚನೆಗಳು ಬರುತ್ತಿವೆಯೇ? ಬಹಳಷ್ಟು ಸಲ ಅದು ವೈರಸ್ ಅಲ್ಲ. ಯಾವುದೋ ತಾಣ ಸೂಚನೆ ಕಳಿಸಲು ಕೇಳಿದಾಗ ‘ಅನುಮತಿಸಿ’ ಎಂದು ಒತ್ತಿದ್ದರ ಫಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ತಾಣಗಳ ಅನುಮತಿ ಎಂಬಲ್ಲಿಗೆ ಹೋಗಿ ಅದನ್ನು ಹಿಂತೆಗೆದುಕೊಂಡರೆ ಕಾಟ ನಿಲ್ಲುತ್ತದೆ. ಸೂಚನೆಯಲ್ಲಿರುವ ನಂಬರಿಗೆ ಕರೆ ಮಾಡಬಾರದು, ಅದು ಹೇಳಿದ ಆ್ಯಪ್ ಹಾಕಿಕೊಳ್ಳಲೂಬಾರದು.

ಇಷ್ಟಾಗಿಯೂ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ಕಳ್ಳರ ಖಾತೆಯಿಂದ ಮುಂದೆ ಹೋಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೋಸ ಹೋದವರನ್ನು ಮನೆಯವರು ಗದರಿಸಿದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.

ಈ ವಾರ ಮಾಡಬೇಕಾದದ್ದು

ಮನೆಯ ಮಕ್ಕಳು ಒಂದು ಸಂಜೆ ಅರ್ಧ ಗಂಟೆ ಹಿರಿಯರ ಜೊತೆ ಕೂರಲಿ. ಬ್ಯಾಂಕ್, ವಿದ್ಯಾರ್ಥಿವೇತನ, ಸೇವಾ ಸಿಂಧು ಈ ಮೂರರ ಸರಿಯಾದ ವಿಳಾಸವನ್ನು ಪಾಸ್‌ಬುಕ್ ಅಥವಾ ಕಚೇರಿಯ ಸೂಚನಾ ಪತ್ರ ನೋಡಿ ಕೈಯಾರೆ ಟೈಪ್ ಮಾಡಿ ತೆರೆಯಲಿ. ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು, ಅದನ್ನು ನೆಚ್ಚಬಾರದು. ತೆರೆದ ಪುಟಗಳನ್ನು ಬುಕ್‌ಮಾರ್ಕ್ ಮಾಡಿಟ್ಟರೆ ಮುಂದೆ ಹಿರಿಯರು ಅಲ್ಲಿಂದಲೇ ಹೋಗಬಹುದು. ಫೋನ್ ಮಾತ್ರ ಅವರ ಕೈಯಲ್ಲೇ ಇರಲಿ, ಒತ್ತುವವರು ಅವರೇ ಆಗಲಿ. ನಾವೇ ಕಿತ್ತುಕೊಂಡು ಮಾಡಿಕೊಟ್ಟರೆ ಅವರು ಕಲಿತಂತಾಗುವುದಿಲ್ಲ.