ಐದು ಹಸಿರು, ಏಳು ಕೆಂಪು! ಮಗುವನ್ನು ಗದರಬೇಡಿ

'ಖಾರವಾಗಿ ಬೈದ', 'ಸಿಹಿ ಕಂಠ', 'ಬಣ್ಣದ ಮಾತು' – ಹುಣಸೂರಿನ ಸಂತೆಯಲ್ಲಾಗಲಿ, ಕೋಟೆ ಬಸ್ಸಿನಲ್ಲಾಗಲಿ ಈ ಮಾತು ಕೇಳಿ ಯಾರೂ ಹುಬ್ಬೇರಿಸೋದಿಲ್ಲ. ಬೈಗುಳಕ್ಕೆ ಮೆಣಸಿನಕಾಯಿ ಅರೆದವರಾರು, ಕಂಠಕ್ಕೆ ಬೆಲ್ಲ ಸವರಿದವರಾರು ಅಂತ ಕೇಳೋದೂ ಇಲ್ಲ. ಆದರೆ ಮಗುವೊಂದು 'ಐದು ಹಸಿರು, ಏಳು ಕೆಂಪು' ಅಂದರೆ ಮಾತ್ರ ಎಲ್ಲರಿಗೂ ಗಾಬರಿ! 'ಸುಳ್ಳು ಹೇಳ್ತೀಯಾ?' ಅಂತ ಮೇಷ್ಟರ ಗದರಿಕೆ. 'ದೃಷ್ಟಿ ತೆಗೀರಿ' ಅಂತ ಅಜ್ಜಿಯ ಸಲಹೆ.

ಅದು ಸುಳ್ಳಲ್ಲ, ಹುಚ್ಚೂ ಅಲ್ಲ. ವಿಜ್ಞಾನಿಗಳು ಇದಕ್ಕಿಟ್ಟ ಹೆಸರು ಸಿನಸ್ತೀಷಿಯಾ. ಅಂದರೆ ಇಂದ್ರಿಯಗಳ ಬೆರಕೆ. ಕೆಲವರಿಗೆ ಅಂಕಿ ಕಂಡರೆ ಬಣ್ಣ, ಕೆಲವರಿಗೆ ಸ್ವರ ಕೇಳಿದರೆ ಬಣ್ಣ, ಅಪರೂಪಕ್ಕೆ ಕೆಲವರಿಗೆ ಪದ ಕಿವಿಗೆ ಬಿದ್ದರೆ ನಾಲಿಗೆಗೆ ರುಚಿ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1880ರಲ್ಲೇ ಇದರ ಬಗ್ಗೆ ಬರೆದಿದ್ದ. ಒಂದೇ ಮನೆತನದ ಹಲವರಲ್ಲಿ ಇರುವುದೂ ಉಂಟು. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಒಂದಲ್ಲ ಒಂದು ಬಗೆಯ ಬೆರಕೆ ಕಂಡುಬಂತು. ಆ ಲೆಕ್ಕ ಹಿಡಿದರೆ ತುಂಬಿದ ಬಸ್ಸಿನಲ್ಲಿ ಇಬ್ಬರಾದರೂ ಸಿಕ್ಕಾರು!

ನಮ್ಮವರಿಗೆ ಸ್ವರದ ಬಣ್ಣ ಹೊಸದೇನಲ್ಲ. ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದ 'ಸಂಗೀತ ರತ್ನಾಕರ'ದಲ್ಲಿ ಸಪ್ತಸ್ವರಗಳಿಗೂ ಬಣ್ಣ ಹೇಳಿದ್ದಾನೆ. ಷಡ್ಜಕ್ಕೆ ಕಮಲದ ಬಣ್ಣ, ಗಾಂಧಾರಕ್ಕೆ ಚಿನ್ನದ್ದು, ಪಂಚಮಕ್ಕೆ ಕಪ್ಪು, ಧೈವತಕ್ಕೆ ಹಳದಿ. ನಿಷಾದ ಬಣ್ಣಬಣ್ಣದ್ದು, ಅದರ ನಾದ ಆನೆಯ ಕೂಗಿನಂತೆ. ಕೋಟೆ ತಾಲ್ಲೂಕಿನ ಕಾಡಂಚಿನ ರೈತರಿಗೆ ಆ ಸ್ವರದ ಪರಿಚಯ ಬೇರೆ ಬೇಕೇ, ಸ್ವಾಮಿ!

ಪಿರಿಯಾಪಟ್ಟಣ, ಕೆ.ಆರ್. ನಗರದವರಿಗೆ ಹೆಚ್ಚು ದೂರವಿಲ್ಲದ ಊರು, ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣ. ಸಂಗೀತಗಾರರ ಈ ಊರಿನಲ್ಲಿ ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ತಂಬೂರಿ ಆಕಾರದ ಮಂದಿರವೇ ಎದ್ದಿದೆ. ಕಿವಿಗಷ್ಟೇ ಸಿಗುವ ಸಪ್ತಸ್ವರಗಳು ಅಲ್ಲಿ ವಿಗ್ರಹಗಳಾಗಿ ಕಣ್ಣಿಗೂ ಸಿಗುತ್ತವೆ.

ಒಂದು ವ್ಯತ್ಯಾಸ ಗಮನಿಸಬೇಕು. ಶಾಸ್ತ್ರದ ಬಣ್ಣ ಎಲ್ಲರಿಗೂ ಒಂದೇ. ಬೆರಕೆ ಇಂದ್ರಿಯದವರ ಬಣ್ಣ ಅವರವರದ್ದೇ. ಒಬ್ಬರ 'ಸ' ಕೆಂಪಾದರೆ ಇನ್ನೊಬ್ಬರದು ನೀಲಿ. ಅದಕ್ಕೇ ಪಕ್ಕದವರಿಗೆ ತೋರಿಸೋದು ಕಷ್ಟ.

ಈ ಕಷ್ಟಕ್ಕೆ ಈಗ ಮೊಬೈಲು ಬಂದಿದೆ. ಹಳದಿ ಅಂದರೆ ತುತ್ತೂರಿ, ತಿಳಿನೀಲಿ ಅಂದರೆ ಕೊಳಲು ಅಂತ ಬರೆದಿದ್ದ ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿ. ಆತನ 1925ರ ಒಂದು ಚಿತ್ರವನ್ನು ಪ್ಯಾರಿಸ್ಸಿನ ಪಾಂಪಿಡು ಕೇಂದ್ರದ ಜೊತೆ ಸೇರಿ ಗೂಗಲ್ 2021ರಲ್ಲಿ ಫೋನಿಗೆ ತಂದಿತು. ಬಣ್ಣ ಮುಟ್ಟಿದರೆ ನಾದ! ಇನ್ನು ಆಗ್‌ಮೆಂಟೆಡ್ ರಿಯಾಲಿಟಿ ಅನ್ನೋ ವಿದ್ಯೆಯಲ್ಲಿ ಕ್ಯಾಮೆರಾ ಹಿಡಿದರೆ ಸಾಕು, ಎದುರಿನ ದೃಶ್ಯದ ಮೇಲೆಯೇ ಬೇಕಾದ ಬಣ್ಣ ಮೂಡಿಸಬಹುದು. 2016ರಲ್ಲಿ ಹುಡುಗರನ್ನು ಬೀದಿಗೆಳೆದ 'ಪೋಕೆಮಾನ್ ಗೋ' ಆಟದ ಬೊಂಬೆಗಳು ಹೀಗೇ ಕಾಣಿಸಿಕೊಂಡವು. ನಾಗಸ್ವರ ಊದುವವರ ಸುತ್ತ ತನಗೆ ಕಾಣುವ ಬಣ್ಣವನ್ನು ಮಗು ಹೀಗೆ ಅಪ್ಪನಿಗೂ ತೋರಿಸಬಹುದು.

ಮೊಬೈಲಿಗೆ ಮೊದಲು ಮೂರು ಕಾಸಿನ ಪರೀಕ್ಷೆ ಇದೆ. ಹಾಳೆ, ಬಣ್ಣದ ಪೆನ್ಸಿಲು ಕೊಟ್ಟು ಸೊನ್ನೆಯಿಂದ ಒಂಬತ್ತರವರೆಗೆ ಬಣ್ಣ ಹಾಕಿಸಿ, ಎತ್ತಿಡಿ. ಆರು ತಿಂಗಳು ಬಿಟ್ಟು ಹೇಳದೆ ಕೇಳದೆ ಮತ್ತೆ ಹಾಕಿಸಿ. ಹೆಚ್ಚೂ ಕಮ್ಮಿ ಅದೇ ಬಣ್ಣ ಬಂದರೆ ಮಗು ಕಟ್ಟಿ ಹೇಳಿದ್ದಲ್ಲ ಅಂತ ನಂಬಬಹುದು. ಮೇಷ್ಟರಿಗೂ ತಿಳಿಸಿ: ಹಸಿರು ಐದನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆದರೆ ಇಂಥ ಮಗು ತಡವರಿಸಬಹುದು. ಅದು ದಡ್ಡತನವಲ್ಲ.

ಹುಟ್ಟಿನಿಂದ ಬಂದದ್ದಕ್ಕೆ ಔಷಧಿ ಬೇಕಿಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೋ, ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆಯೋ ಶುರುವಾದರೆ ಮಾತ್ರ ಡಾಕ್ಟರಿಗೆ ತೋರಿಸಿ.